ನೆರೆಕರೆಯವರು ಒತ್ತಿದ ಹಪ್ಪಳ

ನಮ್ಮ ಮನೆಯಲ್ಲಿ ಹಲಸಿನ ಹಪ್ಪಳದ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನಾನೇ ನಿಂತು ಮಾಡಿಸಿದ್ದು ಈ ವರ್ಷ ಮೊದಲ ಬಾರಿ. ಮದುವೆಯಾಗಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯ ಬದಿಯ ಈ ತೋಟದ ಮನೆಗೆ ಬಂದಂದಿನಿಂದ ಪ್ರತಿ ಬೇಸಗೆಯಲ್ಲೂ ಹಪ್ಪಳ ಒತ್ತಿದವಳೇ ನಾನು. ಆದರೆ ಯಾವ ಮರದ ಕಾಯಿ ಕೊಯ್ಯಿಸಬೇಕು, ಯಾರನ್ನು ಯಾವಾಗ ಕರೆಯಬೇಕು, ಹಿಟ್ಟಿಗೆ ಉಪ್ಪು ಎಷ್ಟು ಬೀಳಬೇಕು ಎಂಬುದೆಲ್ಲ ಅತ್ತೆಯವರ ಲೆಕ್ಕವಾಗಿತ್ತು. ಕಳೆದ ಮಳೆಗಾಲದಲ್ಲಿ ಅವರ ಮೊಣಗಂಟಿನ ನೋವು ಹೆಚ್ಚಾಗಿ, ನೆಲದಲ್ಲಿ ಕೂತು ಏಳುವುದು ಕಷ್ಟವಾದ ಮೇಲೆ, ಈ ಸಲ ಅವರು ಚಾವಡಿಯ ಕುರ್ಚಿಯಲ್ಲಿ ಕೂತು “ಇನ್ನು ನೀನೇ ನೋಡಿಗೊ” ಎಂದುಬಿಟ್ಟರು. ಪಾಕ ನನಗೆ ಗೊತ್ತಿತ್ತು. ಪಾಕಕ್ಕಿಂತ ದೊಡ್ಡದಾದ, ಐದಾರು ಮನೆಗಳು ಸೇರಿ ವರ್ಷ ವರ್ಷವೂ ನಡೆಸಿಕೊಂಡು ಬಂದ ಏರ್ಪಾಡೊಂದು ಅದರ ಬೆನ್ನಿಗಿದೆ ಎಂಬುದು ಜವಾಬ್ದಾರಿ ಹೆಗಲಿಗೆ ಬಂದಾಗ ಸರಿಯಾಗಿ ಅರ್ಥವಾಯಿತು.

ಹಪ್ಪಳಕ್ಕೆ ನೆರೆಕರೆ ಏಕೆ ಬೇಕು ಎಂದರೆ ಕಾರಣ ಬಿಸಿಲಿನಲ್ಲಿದೆ. ಬೇಯಿಸಿದ ಸೊಳೆಯನ್ನು ಬಿಸಿ ಆರುವ ಮೊದಲು ಗುದ್ದಬೇಕು, ಗುದ್ದಿದ ಹಿಟ್ಟನ್ನು ಅದು ಬಿಗಿಯುವ ಮೊದಲು ಒತ್ತಬೇಕು, ಒತ್ತಿದ ಹಪ್ಪಳಕ್ಕೆ ಅದೇ ದಿನ ಬಲವಾದ ಬಿಸಿಲು ಸಿಗಬೇಕು. ಹೊತ್ತು ಏರುವುದರೊಳಗೆ ಚಾಪೆ ತುಂಬದಿದ್ದರೆ ಹಪ್ಪಳ ರಾತ್ರಿಯ ವೇಳೆಗೆ ಹಸಿಯಾಗಿಯೇ ಉಳಿದು ಹುಳಿ ಬರುತ್ತದೆ, ಬೂಸ್ಟು ಹಿಡಿಯುತ್ತದೆ. ಒಂದು ಮನೆಯ ಇಬ್ಬರು ಹೆಂಗಸರು ದಿನವಿಡೀ ಕೂತರೂ ಮುಗಿಸಲಾಗದ ಕೆಲಸವನ್ನು ಎಂಟು ಹತ್ತು ಮಂದಿ ಬೆಳಗಿನ ಮೂರು ಗಂಟೆಗಳಲ್ಲಿ ಮುಗಿಸಬಲ್ಲರು. ಹಾಗಾಗಿ ನಮ್ಮೂರಿನಲ್ಲಿ ಹಪ್ಪಳ ಎಂದರೆ ಮುಯ್ಯಾಳಿನ ಕೆಲಸ; ಇವತ್ತು ನಮ್ಮ ಅಂಗಳ, ನಾಳೆ ನಿಮ್ಮ ಅಂಗಳ.

ಇಲ್ಲಿನ ಮನೆಗಳು ಪೇಟೆಯ ಮನೆಗಳಂತೆ ಗೋಡೆಗೆ ಗೋಡೆ ತಾಗಿಕೊಂಡಿಲ್ಲ. ಒಂದೊಂದು ಅಡಿಕೆ ತೋಟದ ನಡುವೆ ಒಂದೊಂದು ಮನೆ, ನಡುವೆ ಒಂದು ತೋಡು, ಒಂದು ಗುಡ್ಡೆ, ಮುರಕಲ್ಲು ಕಡಿದು ಮಾಡಿದ ಮೆಟ್ಟಿಲು. ನೆರೆಮನೆಗೆ ಹೋಗುವುದೆಂದರೆ ಚಪ್ಪಲಿ ಹಾಕಿ ಹೊರಡಬೇಕು. ಅಷ್ಟು ದೂರದಿಂದ, ತಮ್ಮ ಮನೆಯ ಹಟ್ಟಿ ಕೆಲಸ, ಅಡುಗೆ, ಮಕ್ಕಳನ್ನು ಬಿಟ್ಟು, ಬೆಳಗ್ಗೆ ಆರೂವರೆಗೆ ಇನ್ನೊಬ್ಬರ ಅಂಗಳದಲ್ಲಿ ಬಂದು ಕೂರುವುದು ಸಣ್ಣ ಉಪಕಾರವಲ್ಲ ಎಂದು ನಾನು ಮನಸಾರೆ ನಂಬಿದ್ದೇನೆ.

ದಿನ ಗೊತ್ತುಮಾಡುವುದೇ ಮೊದಲ ಕಷ್ಟ. ನಾನು ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಅಧ್ಯಾಪಿಕೆ. ಕೇರಳದ ಶಾಲೆಗಳಿಗೆ ಏಪ್ರಿಲ್ ಮತ್ತು ಮೇ ತಿಂಗಳು ರಜೆ. ಜೂನ್ ಹಿಡಿಯುತ್ತಲೇ ಶಾಲೆ ತೆರೆಯುತ್ತದೆ. ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನವೂ ಜೂನ್ 1. ಅದಕ್ಕೂ ಮೊದಲು ಪತ್ತನಾಜೆ ಬರುತ್ತದೆ: ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ 24 ಅಥವಾ 25ರ ಹೊತ್ತಿಗೆ. ಅಂದಿಗೆ ಯಕ್ಷಗಾನದ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಭೂತಕೋಲಗಳು ನಿಲ್ಲುತ್ತವೆ. ಪತ್ತನಾಜೆ ಕಳೆದ ಮೇಲೆ ಬಿಸಿಲನ್ನು ನಂಬಬಾರದು ಎಂಬುದು ಹಿರಿಯರ ಮಾತು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುವ ಈ ಊರಿನಲ್ಲಿ ಒಣಗಿಸಿ ಇಡಬೇಕಾದದ್ದೆಲ್ಲ ಅದಕ್ಕೆ ಮೊದಲೇ ಆಗಬೇಕು. ಇತ್ತ ಹಲಸು ಬೆಳೆಯುವುದಕ್ಕೂ ಕಾಯಬೇಕು. ಅಡಿಕೆ ಒಣಗಿ ಅಂಗಳ ಖಾಲಿಯಾಗಬೇಕು. ಇವೆಲ್ಲ ಕೂಡಿಬರುವುದು ಮೇ ತಿಂಗಳ ಒಂದೆರಡು ವಾರಗಳಲ್ಲಿ ಮಾತ್ರ, ಮತ್ತು ಆ ವಾರಗಳಲ್ಲಿ ಎಲ್ಲ ಮನೆಗಳಿಗೂ ಬಿಸಿಲು ಬೇಕು.

ಈ ಹಂಚಿಕೆಯನ್ನು ಅತ್ತೆಯವರ ಕಾಲದಲ್ಲಿ ಬೇಲಿಯ ಬದಿ ನಿಂತು ಮಾತಾಡಿ ಮುಗಿಸುತ್ತಿದ್ದರಂತೆ. ಈಗ ಅದು ನಡೆಯುವುದು ಕುಟುಂಬಶ್ರೀಯ ಅಯಲ್ಕೂಟ್ಟದಲ್ಲಿ. 1998ರಲ್ಲಿ ಕೇರಳ ಸರಕಾರ ಆರಂಭಿಸಿದ ಕುಟುಂಬಶ್ರೀಯ ತಳಮಟ್ಟದ ಘಟಕವೇ ನೆರೆಕರೆಯ ಹೆಂಗಸರ ಈ ಕೂಟ. 10ರಿಂದ 20 ಮಹಿಳೆಯರು ಸೇರಿ ಉಳಿತಾಯದ ಹಣ ಒಟ್ಟುಮಾಡುವುದಕ್ಕೆ, ಸಾಲ ಕೊಡುವುದಕ್ಕೆ ಎಂದು ಇರುವ ಆ ಕೂಟದಲ್ಲಿ ಪುಸ್ತಕದ ಲೆಕ್ಕ ಮುಗಿದ ಮೇಲೆ ನಮ್ಮ ಹಪ್ಪಳದ ಲೆಕ್ಕ ಶುರುವಾಗುತ್ತದೆ. ಯಾರ ಮನೆಯಲ್ಲಿ ಮದುವೆಯಿದೆ, ಯಾರಿಗೆ ಮಂಗಳೂರಿನ ಆಸ್ಪತ್ರೆಗೆ ಹೋಗಲಿಕ್ಕಿದೆ ಎಂದೆಲ್ಲ ನೋಡಿ ಮನೆಗೊಂದು ದಿನ ಎಂದು ನಿಶ್ಚಯವಾಗುತ್ತದೆ. ಅಲ್ಲಿ ತುಳುವಿನಲ್ಲಿ ಒಬ್ಬರು ಕೇಳಿದ್ದಕ್ಕೆ ಮಲಯಾಳದಲ್ಲಿ ಇನ್ನೊಬ್ಬರು ಉತ್ತರಿಸುತ್ತಾರೆ, ನಾನು ಹವ್ಯಕ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಯಾರಿಗೂ ತೊಡಕಾದದ್ದನ್ನು ನಾನು ಕಂಡಿಲ್ಲ.

ನಮ್ಮ ಹಟ್ಟಿಯ ಹಿಂದಿನ ಬಕ್ಕೆ ಮರ, ಅಂದರೆ ಗಟ್ಟಿ ಸೊಳೆಯ ಹಲಸು, ಈ ವರ್ಷ ಕಾಯಿ ಹಿಡಿದದ್ದು ಕಡಿಮೆ. ಮೆತ್ತಗಿನ ಸೊಳೆಯ ತುಳುವೆ ಮರದಲ್ಲಿ ಬೇಕಾದಷ್ಟು ಇತ್ತು, ಆದರೆ ನಮ್ಮ ಮನೆಯವರಿಗೆ ಹಪ್ಪಳವೆಂದರೆ ಬಕ್ಕೆಯದ್ದೇ ಆಗಬೇಕು. ನಾನು ಈ ಮಾತನ್ನು ಕೂಟದಲ್ಲಿ ಎತ್ತಿಯೂ ಇರಲಿಲ್ಲ. ಗುಡ್ಡೆಯ ಮೇಲಿನ ಮನೆಯ ಉಮ್ಮ ನಮ್ಮ ಮರವನ್ನು ದಾರಿಯಲ್ಲಿ ಹೋಗುವಾಗಲೇ ನೋಡಿಟ್ಟಿದ್ದರು. ತಮ್ಮ ಮರದಲ್ಲಿ ಈ ಸಲ ಬುಡದಿಂದ ಕೊಂಬೆಯವರೆಗೆ ಕಾಯಿ ತೂಗುತ್ತಿದೆ, ಟೀಚರಿಗೆ ಬೇಕಾದಷ್ಟು ಕೊಯ್ಯಿಸಲಿ, ಕೇಳಲಿಕ್ಕೆ ಬರುವ ಅಗತ್ಯವೂ ಇಲ್ಲ ಎಂದು ಮಗನ ಕೈಯಲ್ಲಿ ಹೇಳಿಕಳಿಸಿದರು. ಕೇರಳ ಸರಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿದ ಮೇಲೆ ಅದಕ್ಕೆ ಪೇಟೆಯಲ್ಲಿ ಮರ್ಯಾದೆ ಬಂದಿದೆ, ಬೆಲೆಯೂ ಸ್ವಲ್ಪ ಬಂದಿದೆ. ಹೀಗಿದ್ದರೂ ನಮ್ಮ ನೆರೆಕರೆಯಲ್ಲಿ ಹಲಸಿನಕಾಯಿಗೆ ಒಬ್ಬರಿಂದೊಬ್ಬರು ದುಡ್ಡು ತೆಗೆದುಕೊಳ್ಳುವ ಕ್ರಮ ಇನ್ನೂ ಬಂದಿಲ್ಲ.

ಕಾಯಿ ಆರಿಸುವುದು ಅನುಭವದ ಕೆಲಸ. ಹಪ್ಪಳಕ್ಕೆ ಬೇಕಾದದ್ದು ಗುಜ್ಜೆಯೂ ಅಲ್ಲದ, ಹಣ್ಣಿಗೂ ತಿರುಗದ, ಚೆನ್ನಾಗಿ ಬೆಳೆದ ಕಾಯಿ. ಎಳತಾದರೆ ಹಿಟ್ಟಿಗೆ ಕಸುವಿರುವುದಿಲ್ಲ, ಒಣಗಿದ ಹಪ್ಪಳ ಮುಟ್ಟಿದರೆ ಪುಡಿಯಾಗುತ್ತದೆ. ಸಿಹಿ ಇಳಿಯಲು ಶುರುವಾಗಿದ್ದರೆ ಎಣ್ಣೆಗೆ ಬಿಟ್ಟ ಕೂಡಲೇ ಕೆಂಪಾಗಿ, ಕರಿಯ ಬಣ್ಣಕ್ಕೆ ತಿರುಗಿ, ಕಹಿಯಾಗುತ್ತದೆ. ನಮ್ಮಲ್ಲಿ ಮರ ಹತ್ತುವ ಅಣ್ಣ ಕತ್ತಿಯ ಹಿಂಬದಿಯಿಂದ ಒಂದೊಂದು ಕಾಯಿಗೆ ತಟ್ಟಿ, ಮುಳ್ಳುಗಳು ಎಷ್ಟು ಅಗಲವಾಗಿ ಚಪ್ಪಟೆಯಾಗಿವೆ ಎಂದು ನೋಡಿ, ಮೊದಲ ಕಾಯಿಗೆ ಸಣ್ಣದೊಂದು ತೂತು ಕೊರೆದು ಸೊಳೆಯ ಚೂರು ಬಾಯಿಗೆ ಹಾಕಿ ಜಗಿದು, “ಉಂದು ಆಪುಂಡು”, ಇದು ಆಗುತ್ತದೆ, ಎಂದರು. ಕಾಯಿಯನ್ನು ಕೆಳಗೆ ಬೀಳಿಸಲಿಲ್ಲ. ತೊಟ್ಟಿಗೆ ಹಗ್ಗ ಬಿಗಿದು ಇಳಿಸಿದರು. ಬಿದ್ದು ಜಜ್ಜಿದ ಜಾಗದ ಸೊಳೆ ಬೇಗ ಕೆಡುತ್ತದೆ.

ಸೊಳೆ ಬಿಡಿಸುವುದು ಮುನ್ನಾ ದಿನದ ಸಂಜೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಹೊತ್ತು ಇದು. ಚಾವಡಿಯಲ್ಲಿ ಗೋಣಿಚೀಲ ಹಾಸಿ, ಮೇಣ ತಾಗದಿರಲೆಂದು ಕತ್ತಿಗೂ ಕೈಗೂ ತೆಂಗಿನೆಣ್ಣೆ ಹಚ್ಚಿ, ಗಂಡಸರು ಕಾಯಿ ಸೀಳಿ ನಡುವಿನ ಗೂಂಜು ಕಡಿದು ಕೊಡುತ್ತಾ ಹೋದಂತೆ ನಾವು ಸುತ್ತ ಕೂತು ಸೊಳೆ ಕಿತ್ತು, ಬೇಳೆ ತೆಗೆದು, ಅದರ ಸುತ್ತಿನ ನಾರನ್ನೆಲ್ಲ ಬಿಡಿಸಿ ದೊಡ್ಡ ಬುಟ್ಟಿಗೆ ಹಾಕುತ್ತೇವೆ. ಸೀಳಿದ ಕಾಯಿಯಿಂದ ಒಸರುವ ಮೇಣವನ್ನು ಒಂದು ಕೋಲಿಗೆ ಸುತ್ತಿ ಸುತ್ತಿ ತೆಗೆಯುವುದು ಮಕ್ಕಳ ಪಾಲಿನ ಕೆಲಸ. ಕೊನೆಗೆ ಆ ಕೋಲು ಯಾರದು ದಪ್ಪ ಎಂಬ ಸ್ಪರ್ಧೆ ನಡೆಯುತ್ತದೆ. ಸೊಳೆ ತೆಗೆದು ಉಳಿದ ರೆಚ್ಚೆಯೆಲ್ಲ ಹಟ್ಟಿಗೆ ಹೋಗುತ್ತದೆ, ದನಗಳು ಆ ದಿನ ಹುಲ್ಲಿನ ಕಡೆ ತಿರುಗಿಯೂ ನೋಡುವುದಿಲ್ಲ. ಹತ್ತು ಸೆಂಟ್ಸ್ ಜಾಗ ತೆಗೆದುಕೊಂಡು ಹೊಸದಾಗಿ ಮನೆ ಕಟ್ಟಿ ಬಂದ ಕುಟುಂಬವೊಂದು ನಮ್ಮ ಬಳಿಯಲ್ಲಿದೆ. ಅವರ ಹಿತ್ತಿಲಲ್ಲಿ ಹಲಸಿನ ಮರವಿಲ್ಲ, ಆ ಮನೆಯ ಸಣ್ಣ ಪ್ರಾಯದ ಹೆಂಗಸು ಪೇಟೆಯಲ್ಲಿ ಬೆಳೆದವರು. ಆ ಸಂಜೆ ಅವರೂ ಬಂದರು. ಉಮ್ಮ ಅವರನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು, ಹೆಬ್ಬೆರಳನ್ನು ಸೊಳೆಯ ಬುಡಕ್ಕೆ ಕೊಟ್ಟು ಒಂದೇ ಎಳೆತಕ್ಕೆ ಬಿಡಿಸುವುದನ್ನು ತೋರಿಸಿಕೊಟ್ಟರು. ರಾತ್ರಿ ಒಂಬತ್ತಾಗುವವರೆಗೂ ಕೆಲಸ ನಡೆಯಿತು. ನಡುವೆ ಒಮ್ಮೆ ಅತ್ತೆಯವರು ಕುರ್ಚಿಯಲ್ಲಿಂದಲೇ “ಎಲ್ಲರಿಂಗೂ ಆಸರಿಂಗೆ ಕೊಟ್ಟಿದೆಯೊ?” ಎಂದು ಕೇಳಿದರು. ನಾನು ಬೆಲ್ಲ ಹಾಕಿದ ಪುನರ್ಪುಳಿ ಶರಬತ್ತು ಕೊಟ್ಟೆ.

ಮರುದಿನ ನಸುಕಿಗೇ ಅಂಗಳದ ಬದಿಯಲ್ಲಿ ಮೂರು ಕಲ್ಲಿಟ್ಟು, ತೆಂಗಿನ ಗರಿ, ಸಿಪ್ಪೆ ಉರಿಸಿ ಅಟ್ಟಿನಳಗೆಯಲ್ಲಿ ಸೊಳೆ ಬೇಯಿಸಿದೆವು. ನೀರಿಗೆ ಹಾಕಿ ಕುದಿಸುವಂತಿಲ್ಲ. ಹಬೆಯಲ್ಲೇ ಬೇಯಬೇಕು, ಏಕೆಂದರೆ ಹಿಟ್ಟಿಗೆ ಒಂದು ತೊಟ್ಟು ಹೆಚ್ಚಿನ ನೀರು ಸೇರಿದರೂ ಅದು ಚಾಪೆಗೆ ಅಂಟುತ್ತದೆ. ಬೆರಳಲ್ಲಿ ಹಿಸುಕಿದರೆ ನಾರಿಲ್ಲದೆ ಮುದ್ದೆಯಾಗುವ ಹದಕ್ಕೆ ಬಂದಾಗ ಇಳಿಸಿ, ಉಪ್ಪು, ಒಣಮೆಣಸು, ಕೊತ್ತಂಬರಿ, ಜೀರಿಗೆ ಸೇರಿಸಿ, ಬಿಸಿ ಇರುವಾಗಲೇ ಕಲ್ಲಿನ ಒರಳಿಗೆ ಹಾಕಿದೆವು. ನೀರು ಹಾಕದೆ ಅರೆಯಬೇಕಾದ ಈ ಗಟ್ಟಿ ಹಿಟ್ಟಿಗೆ ನಮ್ಮ ಮನೆಯ ಗ್ರೈಂಡರ್ ಒಗ್ಗುವುದಿಲ್ಲ. ದುಬೈಯಿಂದ ರಜೆಯಲ್ಲಿ ಬಂದಿದ್ದ ಉಮ್ಮನ ಮಗನೂ ನನ್ನ ಮೈದುನನೂ ಎದುರುಬದುರು ನಿಂತು ಒನಕೆ ಹಿಡಿದರು. ಒಬ್ಬರ ಒನಕೆ ಏಳುವಾಗ ಇನ್ನೊಬ್ಬರದು ಇಳಿಯಬೇಕು. ಚಿಕ್ಕಂದಿನಲ್ಲಿ ಇದೇ ಒರಳಿನಲ್ಲಿ ಇಬ್ಬರೂ ಕುಟ್ಟಿದವರಾದ್ದರಿಂದ ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮೊದಲ ಹಿಟ್ಟಿನ ಚೂರನ್ನು ಬಾಳೆ ಎಲೆಯಲ್ಲಿಟ್ಟು ಅತ್ತೆಯವರಿಗೆ ಕೊಟ್ಟೆ. ನಾಲಗೆಗೆ ಉಪ್ಪು ಸ್ವಲ್ಪ ಕಡಿಮೆ ಅನಿಸಿದರೆ ಅದೇ ಸರಿ, ಒಣಗಿದ ಮೇಲೆ ಉಪ್ಪು ಎದ್ದು ಬರುತ್ತದೆ ಎಂಬುದು ಅವರ ಕ್ರಮ. ಅವರು ರುಚಿ ನೋಡಿ ತಲೆಯಾಡಿಸಿದರು.

ಆ ಹೊತ್ತಿಗೆ ಅಂಗಳ ತುಂಬಿತ್ತು. ಯಾರಿಗೆ ಯಾವ ಕೆಲಸ ಎಂದು ನಾನು ಹೇಳುವ ಪ್ರಮೇಯವೇ ಬರಲಿಲ್ಲ. ಒಬ್ಬರು ಹಿಟ್ಟನ್ನು ಲಿಂಬೆ ಗಾತ್ರದ ಉಂಡೆ ಮಾಡಿದರು, ಒಬ್ಬರು ಪ್ಲಾಸ್ಟಿಕ್ ಹಾಳೆಗೆ ಎಣ್ಣೆ ಸವರಿದರು, ಮಣೆಯ ಮುಂದೆ ಉಮ್ಮನೂ ತೋಡಿನಾಚೆಯ ಮನೆಯ ಅಕ್ಕನೂ ಕೂತರು. ಅಕ್ಕ ಒತ್ತುವುದನ್ನು ಹತ್ತಿರ ಕೂತು ನೋಡಬೇಕು. ಎರಡು ಹಾಳೆಗಳ ನಡುವೆ ಉಂಡೆಯಿಟ್ಟು, ಮೇಲಿನ ಮಣೆಯನ್ನು ಇಳಿಸಿ ಒಮ್ಮೆ ಒತ್ತಿ, ಮಣೆ ಎತ್ತಿ ಹಾಳೆಯನ್ನು ಕಾಲುಭಾಗದಷ್ಟು ತಿರುಗಿಸಿ, ಎರಡನೆಯ ಸಲ ಹಗುರವಾಗಿ ಒತ್ತುತ್ತಾರೆ. ಆ ತಿರುಗಿಸುವಿಕೆಯಿಂದಲೇ ಅಂಚೂ ನಡುವೂ ಒಂದೇ ದಪ್ಪಕ್ಕೆ ಬರುವುದು. ಆಮೇಲೆ ಮೇಲಿನ ಹಾಳೆ ಸುಲಿದು, ಹಪ್ಪಳವನ್ನು ಎಡ ಅಂಗೈಗೆ ಕವುಚಿಕೊಂಡು, ಕೆಳಗಿನ ಹಾಳೆಯನ್ನು ಅಂಚಿನಿಂದ ಮೆಲ್ಲನೆ ಬಿಡಿಸುತ್ತಾರೆ. ಅಂಗೈಯ ಮೇಲೆ ಉಳಿದ ಹಪ್ಪಳದ ಮೂಲಕ ಕೈಯ ಗೆರೆ ಕಾಣುವಷ್ಟು ಅದು ತೆಳ್ಳಗಿರುತ್ತದೆ. ಪೇಟೆಯ ಅಂಗಡಿಯಲ್ಲಿ ಸಿಗುವ ಹಪ್ಪಳಗಳು ಚಂದವಾಗಿ ಒಂದೇ ಅಳತೆಗಿರುತ್ತವೆ, ಅದನ್ನು ಮಾಡಿ ಬದುಕುವ ಹೆಂಗಸರ ದುಡಿಮೆಗೆ ನನ್ನ ಗೌರವವಿದೆ. ಆದರೂ ಅಕ್ಕನ ಕೈಯ ಹಪ್ಪಳ ಎಣ್ಣೆಯಲ್ಲಿ ಅರಳುವ ಬಗೆಯೇ ಬೇರೆ ಎಂದು ಹೇಳದಿದ್ದರೆ ನಾನು ಸತ್ಯ ಹೇಳಿದಂತಾಗುವುದಿಲ್ಲ. ಹೊಸ ಮನೆಯ ಹೆಂಗಸು ಹಪ್ಪಳವನ್ನು ಓಲೆಚಾಪೆಯಲ್ಲಿ ಒಂದಕ್ಕೊಂದು ತಾಗದಂತೆ ಸಾಲಾಗಿ ಹರಡುವ ಕೆಲಸ ವಹಿಸಿಕೊಂಡರು. ಕಾಗೆ ಓಡಿಸಲು ಮಕ್ಕಳು ಕೋಲು ಹಿಡಿದು ಕೂತರು.

ಊಟಕ್ಕೆ ಸೌತೆಕಾಯಿ ಮತ್ತು ಹಲಸಿನಬೇಳೆಯ ಕೊದಿಲು, ಕಾಟು ಮಾವಿನಹಣ್ಣಿನ ಸಾಸಮೆ, ಮಜ್ಜಿಗೆ. ಎಲ್ಲರೂ ಚಾವಡಿಯಲ್ಲಿ ಒಟ್ಟಿಗೆ ಕೂತು ಉಂಡೆವು. ಅತ್ತೆಯವರ ಹರೆಯದಲ್ಲಿ ಇದು ಹೀಗೆ ಇರಲಿಲ್ಲ, ಯಾರು ಎಲ್ಲಿ ಕೂರಬೇಕು ಎಂಬ ಕಟ್ಟು ಬಿಗಿಯಾಗಿತ್ತು ಎಂದು ಅವರೇ ಹೇಳುತ್ತಾರೆ. ಅದು ಸಡಿಲಾಗಿರುವುದು ನನಗೆ ದೊಡ್ಡ ಸಮಾಧಾನ.

ಊಟ ಮುಗಿಸಿ ಕೆಲವರು ಮನೆಗೆ ಮರಳಿದ್ದರು. ಮಧ್ಯಾಹ್ನ ಎರಡೂವರೆಯ ಸುಮಾರಿಗೆ ಪೂರ್ವದ ಗುಡ್ಡೆಯ ಮೇಲೆ ಮೋಡ ಕಪ್ಪಾಯಿತು. ಮೇ ತಿಂಗಳ ಈ ಗಾಳಿಮಳೆ ಮುನ್ಸೂಚನೆ ಕೊಡುವುದು ಹತ್ತೇ ನಿಮಿಷ. “ಬರ್ಸ ಬತ್ತ್ಂಡ್!” ಎಂದು ಅಕ್ಕ ತೋಡಿನ ಆಚೆಯಿಂದ ಕೂಗಿದ್ದು ಕೇಳಿಸಿತು, ಮರುಕ್ಷಣ ಅವರೇ ಸಂಕ ದಾಟಿ ಓಡಿ ಬರುತ್ತಿದ್ದರು. ಗುಡ್ಡೆಯ ಮೆಟ್ಟಿಲಿನಿಂದ ಉಮ್ಮನ ಮನೆಯ ಹುಡುಗರು ಇಳಿದರು. ಹಪ್ಪಳ ಆಗಿನ್ನೂ ಒಂದು ಬದಿ ಮಾತ್ರ ಒಣಗಿತ್ತು, ಚಾಪೆ ಸುತ್ತಿದರೆ ಎಲ್ಲ ಮುದ್ದೆಯಾಗುತ್ತದೆ. ಆದ್ದರಿಂದ ಒಂದೊಂದು ಚಾಪೆಯ ನಾಲ್ಕು ಮೂಲೆಗೆ ನಾಲ್ವರು ಹಿಡಿದು, ಬಾಗದಂತೆ ಬಿಗಿಯಾಗಿ ಎತ್ತಿ ಒಳಗೆ ತರಬೇಕು. ನಮ್ಮ ಮನೆಯವರು ಮಾತ್ರ ಆಗಿದ್ದರೆ ಅರ್ಧವೂ ಒಳಗೆ ಬರುತ್ತಿರಲಿಲ್ಲ. ಕೊನೆಯ ಚಾಪೆ ಚಾವಡಿಗೆ ಬಂದಾಗ ದೊಡ್ಡ ಹನಿಗಳು ಮಾಡಿನ ಹಂಚಿಗೆ ಬಡಿಯತೊಡಗಿದ್ದವು.

ಒಳಗೆ ತಂದರೆ ಮುಗಿಯಲಿಲ್ಲ, ಒಣಗಬೇಕಲ್ಲ. ಮಳೆ ನಿಂತ ಮೇಲೂ ಅಂಗಳ ಒದ್ದೆ, ಮೋಡ ಕದಲಲಿಲ್ಲ. ಅಷ್ಟರಲ್ಲಿ ಕೆಳಗಿನ ಮನೆಯ ಮಾವ ಕೊಡೆ ಹಿಡಿದು ಬಂದರು. ಅಡಿಕೆ ಒಣಗಿಸಲು ಪಾರದರ್ಶಕ ಪ್ಲಾಸ್ಟಿಕ್ ಹೊದೆಸಿ ಕಟ್ಟಿಸಿದ ಸೋಲಾರ್ ಗೂಡು ಅವರಲ್ಲಿದೆ. ಅದರೊಳಗೆ ಅವರ ಉಳಿದ ಅಡಿಕೆ ಹರಡಿತ್ತು. “ಅಡಕ್ಕೆಯ ಒಂದು ಹೊಡೆಂಗೆ ಒತ್ತಿ ಆಯಿದು, ತೆಕ್ಕೊಂಡು ಬನ್ನಿ” ಎಂದಷ್ಟೇ ಹೇಳಿದರು. ನಾವು ಕೇಳುವ ಮೊದಲೇ ಅವರು ತಮ್ಮ ಅಡಿಕೆಯನ್ನು ಬದಿಗೆ ಸರಿಸಿ ಬಂದಿದ್ದರು. ಆ ಸಂಜೆ ಚಾಪೆಗಳ ಮೆರವಣಿಗೆ ತೋಟದ ನಡುವಿನ ಕಟ್ಟಪುಣಿಯ ಮೇಲೆ ಸಾಗಿತು. ಗೂಡಿನೊಳಗಿನ ಬಿಸಿಗೆ ಹಪ್ಪಳ ಹುಳಿ ಬರದೆ ಉಳಿಯಿತು. ಮುಂದಿನ ದಿನಗಳ ಬಿಸಿಲಿಗೆ ಮಗುಚಿ ಹಾಕಿ, ಬಾಗಿಸಿದರೆ ಚಟ್ ಎಂದು ಮುರಿಯುವ ಹದಕ್ಕೆ ಒಣಗಿಸಿದೆವು.

ಕಟ್ಟು ಕಟ್ಟುವ ದಿನ ಹಂಚುವ ದಿನವೂ ಹೌದು. ಯಾರು ಎಷ್ಟು ಹೊತ್ತು ದುಡಿದರು ಎಂಬ ಲೆಕ್ಕ ಇದರಲ್ಲಿಲ್ಲ. ಕಾಯಿ ಕೊಟ್ಟ ಉಮ್ಮನಿಗೆ ದೊಡ್ಡ ಪಾಲು, ಅದರಿಂದ ಮಗನ ಪೆಟ್ಟಿಗೆಗೆ ಹೋಗುವುದನ್ನು ಅವರೇ ತೆಗೆದಿಡುತ್ತಾರೆ. ಮರ ಹತ್ತಿದ ಅಣ್ಣನಿಗೆ, ಅಕ್ಕನಿಗೆ, ಗೂಡು ಬಿಟ್ಟುಕೊಟ್ಟ ಮಾವನ ಮನೆಗೆ, ಹೊಸ ಮನೆಗೆ. ಬಾರದವರಿಗೂ ಪಾಲಿದೆ: ತೋಟದ ಕೆಳಗಿನ ಮನೆಯಲ್ಲಿ ಮಗಳ ಬಾಳಂತನ ನಡೆಯುತ್ತಿದ್ದು ಅವರಿಗೆ ಈ ವರ್ಷ ಹಪ್ಪಳಕ್ಕೆ ಕೂರಲು ಆಗಲಿಲ್ಲ, ಹೀಗಾಗಿ ಪ್ರತಿ ಮನೆಯವರೂ ತಮ್ಮದರಿಂದ ಒಂದೊಂದು ಕಟ್ಟು ಅಲ್ಲಿಗೆ ಮುಟ್ಟಿಸಿದೆವು. ಒಬ್ಬರೇ ಇರುವ ಅಜ್ಜಿಯೊಬ್ಬರಿಗೆ ಹಲ್ಲಿಲ್ಲ. ಅವರಿಗೆಂದು ಖಾರವಿಲ್ಲದ ತೆಳ್ಳಗಿನ ಹಪ್ಪಳಗಳನ್ನು ಅಕ್ಕ ಅಂದೇ ಬೇರೆಯಾಗಿ ಒತ್ತಿಟ್ಟಿದ್ದು ನನಗೆ ತಿಳಿದದ್ದು ಕಟ್ಟು ಕಟ್ಟುವಾಗ. ಅಜ್ಜಿ ಅದನ್ನು ಕೆಂಡದಲ್ಲಿ ಸುಟ್ಟು ಪುಡಿಮಾಡಿ, ತೆಂಗಿನಕಾಯಿ ತುರಿಯೊಂದಿಗೆ ಕಲಸಿ ತಿನ್ನುತ್ತಾರಂತೆ. ಉಳಿದದ್ದು ನಮ್ಮ ಡಬ್ಬಕ್ಕೆ ತುಂಬಿತು, ಮತ್ತು ಆಟಿ ತಿಂಗಳ ಮಳೆಯಲ್ಲಿ ಸಂಜೆಯ ಕಾಪಿಗೆ ಸುಟ್ಟ ಹಪ್ಪಳವೂ ಕಾಯಿಹೋಳೂ ಇದ್ದರೆ ನಮಗೆ ಬೇರೆ ತಿಂಡಿಯ ಯೋಚನೆ ಇಲ್ಲ.

ಬೇಳೆ ವ್ಯರ್ಥವಾಗಲಿಲ್ಲ. ಸ್ವಲ್ಪವನ್ನು ಕೆಮ್ಮಣ್ಣಿನಲ್ಲಿ ಹೊರಳಿಸಿ ಮೂಲೆಯಲ್ಲಿ ಹರಡಿಟ್ಟೆವು, ಸ್ವಲ್ಪವನ್ನು ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿ ಸಾಂತಾಣಿ ಮಾಡಿದೆವು. ಹೊಸ ಮನೆಯ ಹೆಂಗಸು, ನಾವು ಕೊಟ್ಟ ಡಬ್ಬವನ್ನು ಮರಳಿಸಲು ಬಂದಾಗ, ಅದರ ತುಂಬ ತಮ್ಮ ಹಿತ್ತಿಲ ಬಸಳೆ ತಂದಿದ್ದರು. ಹಪ್ಪಳ ಹುರಿಯುವಾಗ ಎಣ್ಣೆ ಎಷ್ಟು ಕಾಯಬೇಕು ಎಂದು ಕೇಳಿದರು. ನಾನು ಹೇಳುವುದಕ್ಕಿಂತ ತೋರಿಸುವುದೇ ಸರಿ ಎಂದು ಒಲೆ ಹಚ್ಚಿದೆ.

ಶಾಲೆ ತೆರೆಯುವ ಮೊದಲು ಉಪ್ಪುಸೊಳೆ ಹಾಕುವುದು ಬಾಕಿಯಿತ್ತು. ಅದು ಅಕ್ಕನ ಮನೆಯಲ್ಲಿ, ಭಾನುವಾರ ಬೆಳಗ್ಗೆ ಎಂದು ಕೂಟದಲ್ಲಿ ತೀರ್ಮಾನವಾಯಿತು. ಕಾಯಿ ಈ ಸಲ ನಮ್ಮ ತುಳುವೆ ಮರದ್ದು, ಉಪ್ಪು ಅಕ್ಕನದು, ಭರಣಿ ಉಮ್ಮನ ಮನೆಯದು. ಮೆಟ್ಟುಕತ್ತಿ ನಾನೇ ತರುತ್ತೇನೆ ಎಂದು ಹೇಳಿ ಬಂದೆ.